ಒರೆಗೆ ಹಚ್ಚದ ಪೆನ್‌ಡ್ರೈವು

ವಯಸ್ಸಾದಂತೆ ಮನುಷ್ಯನಿಗೆ ಹಸಿವು ಕಡಿಮೆಯಾಗುತ್ತದೆ, ನಿದ್ದೆ ಕಡಿಮೆಯಾಗುತ್ತದೆ, ಕಣ್ಣು ಕಿವಿಗಳು ತಮಗೆ ಬೇಕಾದಾಗ ರಜೆ ಹಾಕುತ್ತವೆ. ಕಡಿಮೆಯಾಗದೆ ದಿನದಿಂದ ದಿನಕ್ಕೆ ಬೆಳೆಯುವ ಚಪಲ ಒಂದೇ. ಮನೆಯಲ್ಲಿ ಯಾರಾದರೂ ತನ್ನನ್ನು ಒಂದು ಮಾತು ಕೇಳಲಿ ಎನ್ನುವುದು. ಮೊದಲೆಲ್ಲ ಗೋಡೆಗೆ ಯಾವ ಬಣ್ಣ ಹೊಡೆಸಬೇಕು, ಸಾರಿಗೆ ಯಾವ ಕಾಳು ನೆನೆಹಾಕಬೇಕು, ಬಾವಮೈದನ ಮಗನ ಮದುವೆಗೆ ಯಾರು ಹೋಗಬೇಕು ಎಲ್ಲವೂ ನನ್ನ ಮುಂದೆ ಬರುತ್ತಿದ್ದವು. ಈಗ ಬಣ್ಣ ಹೊಡೆಸಿ ಆದ ಮೇಲೆ "ಹೆಂಗಿದೆ ನೋಡಪ್ಪ" ಎನ್ನುತ್ತಾರೆ. ಅದು ಪ್ರಶ್ನೆಯಲ್ಲ, ವರದಿ. ನಮ್ಮ ಮನೆಯವರು ನನ್ನನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದು ಯಾರೂ ತಪ್ಪು ತಿಳಿಯಬಾರದು. ಹೊತ್ತಿಗೆ ಸರಿಯಾಗಿ ಕಾಫಿ ಬರುತ್ತದೆ, ಮಾತ್ರೆ ಬರುತ್ತದೆ, ಚಳಿಗಾಲದಲ್ಲಿ ಕೇಳದೆಯೇ ಮಫ್ಲರು ಬರುತ್ತದೆ. ಬಾರದಿರುವುದು ಪ್ರಶ್ನೆ ಮಾತ್ರ. ಹೀಗೆ ಪ್ರಶ್ನೆಗೆ ಬಾಯಿ ಬಿಡುತ್ತ ಕುಳಿತಿದ್ದ ನಾನು, ನನ್ನನ್ನು ಪ್ರಶ್ನೆ ಕೇಳಿದ ಏಕೈಕ ಕಾರಣಕ್ಕೆ ಒಂದು ಕಂಪ್ಯೂಟರಿನ ಆಂಟಿವೈರಸ್ಸಿಗೆ ಮರುಳಾದೆ, ಮರುಳಾಗಿ ಮನೆಯ ಹೆಣ್ಣುಮಗಳೊಬ್ಬಳು ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿದೆ. ಈ ಬರಹ ಅದರ ತಪ್ಪೊಪ್ಪಿಗೆ.

ನಾವು ಗಂಜಾಂನ ಅಕ್ಕಸಾಲಿಗಳು. ಹತ್ತನೇ ಕ್ಲಾಸು ಪಾಸು ಮಾಡಿ ನಾನು ನಮ್ಮಪ್ಪನ ಪಕ್ಕದಲ್ಲಿ ಕುಲುಮೆಯ ಮುಂದೆ ಕುಳಿತವನು, ಕೈ ನಡುಗಲು ಶುರುವಾದ ಮೇಲಷ್ಟೇ ಎದ್ದೆ. ಈಗ ಆ ಜಾಗದಲ್ಲಿ ನನ್ನ ಮಗ ಮಂಜು ಕೂರುತ್ತಾನೆ. ಅವನ ಹೆಂಡತಿ ಸೌಮ್ಯ ನಾಗಮಂಗಲದ ಕಡೆಯ ಹುಡುಗಿ. ಅವಳು ಕಂಪ್ಯೂಟರಿನಲ್ಲಿ ಒಡವೆಯ ಚಿತ್ರ ಬರೆಯುವುದನ್ನು ಕಲಿತು ಬಂದಳು. ನಾನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚುತ್ತಿದ್ದ ಹಂಸ, ಬಳ್ಳಿ, ಮಾವಿನಕಾಯಿಗಳು ಅವಳ ಪರದೆಯ ಮೇಲೆ ಎದ್ದು ನಿಲ್ಲುತ್ತವೆ. ಬೆರಳಾಡಿಸಿದರೆ ತೋಳಿನ ವಂಕಿ ಬೆನ್ನು ತಿರುಗಿಸಿ ತೋರಿಸುತ್ತದೆ. ಬರೆದು ಮುಗಿದ ಮೇಲೆ ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮೈಸೂರಿನ ಕಾಸ್ಟಿಂಗ್ ಅಂಗಡಿಗೆ ಹೋಗುತ್ತಾಳೆ. ಅಲ್ಲಿ ಯಂತ್ರವೇ ಮೇಣದ ಅಚ್ಚು ಮಾಡಿ ಎರಕ ಹೊಯ್ದು ಕೊಡುತ್ತದೆ. ತಂದದ್ದನ್ನು ಮಂಜು ಅರ ಹಾಕಿ, ಕಲ್ಲು ಕೂರಿಸಿ, ಹೊಳಪು ಕೊಡುತ್ತಾನೆ. ಆ ಅಂಗಡಿಗೆ ಬರುವವರೆಲ್ಲ ಗಂಡಸರು, ತಲೆಮಾರುಗಳಿಂದ ಇದೇ ಕಸುಬು ಮಾಡಿದವರ ಮಕ್ಕಳು. ಅವರ ನಡುವೆ ಸೌಮ್ಯ ಸ್ವಲ್ಪ ಸ್ವಲ್ಪವಾಗಿ ಒಂದು ಹೆಸರು ಮಾಡಿಕೊಂಡಿದ್ದಳು. "ಗಂಜಾಂ ಮೇಡಂ ಫೈಲು ತಿದ್ದೋ ಹಂಗೇ ಇರಲ್ಲ" ಎನ್ನುತ್ತಿದ್ದರಂತೆ. ಇದನ್ನು ಅವಳು ಹೇಳಲಿಲ್ಲ, ಮಂಜು ಹೇಳಿದ್ದು. ಅವಳು ಹೇಳಿಕೊಳ್ಳುವ ಪೈಕಿಯಲ್ಲ.

ನನ್ನ ಮತ್ತು ಕಂಪ್ಯೂಟರಿನ ಸ್ನೇಹ ಮಧ್ಯಾಹ್ನದ್ದು. ಸೌಮ್ಯ ಊಟ ಮಾಡಿ ಸ್ವಲ್ಪ ಅಡ್ಡಾಗುವ ಹೊತ್ತಿನಲ್ಲಿ ನಾನು ಅದರ ಮುಂದೆ ಕುಳಿತು ಹಳೆಯ ದೇವಸ್ಥಾನದ ಒಡವೆಗಳ ಚಿತ್ರ ನೋಡುತ್ತಿದ್ದೆ. ಅವಳು ಬೇಡ ಎಂದವಳಲ್ಲ. ಒಂದು ದಿನ ಬೆಳಿಗ್ಗೆ ಅವಳು ಪರದೆಯ ಮುಂದೆ ಹಣೆ ಒತ್ತಿಕೊಂಡು ಕೂತಿದ್ದಳು. ಹಂಸದ ಕೊಕ್ಕು ತಿದ್ದುವುದಕ್ಕೆ ಹೋದರೆ ಹಂಸ ಅಲ್ಲಾಡುತ್ತಿಲ್ಲ.

"ದಿನಾ ಕೆಲಸದ ಹೊತ್ತಿಗೇ ಈ ಆಂಟಿವೈರಸ್ ಸ್ಕ್ಯಾನ್ ಶುರು ಮಾಡ್ಕತದೆ ಮಾವ. ಇದು ಮುಗಿಯೋವರ್ಗೂ ಕೈ ಕಟ್ಕೊಂಡು ಕೂರ್ಬೇಕು," ಎಂದಳು.

ಅಂದು ಮಧ್ಯಾಹ್ನ ನಾನು ಕನ್ನಡಕ ಒರೆಸಿಕೊಂಡು ಆ ಆಂಟಿವೈರಸ್ಸಿನ ಒಳಗೆ ಇಳಿದೆ. ನನ್ನ ಇಂಗ್ಲಿಷು ಹತ್ತನೇ ಕ್ಲಾಸಿನದು, ಆದರೆ ಅಂದಿನ ಹತ್ತನೇ ಕ್ಲಾಸಿನದು ಎಂದು ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಒಂದೊಂದೇ ಪದ ಕೂಡಿಸಿಕೊಂಡು ಓದಿದೆ. ಯಾವಾಗ ನೋಡಲಿ, ಎಲ್ಲೆಲ್ಲಿ ನೋಡಲಿ, ಮೇಲೆ ಮೇಲೆ ನೋಡಲೋ ಪೂರ್ತಿ ನೋಡಲೋ ಎಂದು ಅದು ಬಹಳ ವಿನಯದಿಂದ ಪಟ್ಟಿ ಕೊಟ್ಟಿತ್ತು. ನಾನು ಸ್ಕ್ಯಾನಿನ ಹೊತ್ತನ್ನು ಬೆಳಗಿನಿಂದ ನಮ್ಮ ಊಟದ ಹೊತ್ತಿಗೆ ಬದಲಾಯಿಸಿದೆ. ಮಾರನೆಯ ದಿನ ಹಂಸ ಸಲೀಸಾಗಿ ಕೊಕ್ಕು ತಿರುಗಿಸಿತು.

"ಮಾವ, ನೀವಾ ಮಾಡಿದ್ದು? ಪರ್ವಾಗಿಲ್ವೇ! ಇವ್ರಿಗೆ ತಿಂಗ್ಳಿಂದ ಹೇಳ್ತಾ ಇದ್ದೆ," ಎಂದಳು ಸೌಮ್ಯ. ಕುಲುಮೆಯ ಮುಂದಿದ್ದ ಮಂಜು ಊದುಗೊಳವೆಯನ್ನು ಬಾಯಲ್ಲಿಟ್ಟುಕೊಂಡಿದ್ದರಿಂದ ಉತ್ತರ ಕೊಡುವ ಕಷ್ಟ ಅವನಿಗೆ ಬರಲಿಲ್ಲ.

ನನ್ನ ಹೆಂಡತಿ ಜಯಮ್ಮ ಆಗಲೇ ಎಚ್ಚರಿಸಿದಳು. "ನೋಡವ್ವ, ಇವ್ರುನ್ನ ಒಂದ್ಸಲಕ್ಕಿಂತ ಜಾಸ್ತಿ ಹೊಗಳ್ಬ್ಯಾಡ. ಮದ್ವೆಯಾದ ಹೊಸ್ದ್ರಲ್ಲಿ ಕಾಫಿ ಚೆನ್ನಾಗಿ ಮಾಡಿದ್ರಿ ಅಂದ್ಬುಟ್ಟೆ. ಆಮೇಲೆ ಒಂದು ವಾರ ಒಲೆ ಮುಂದ್ಲಿಂದ ಏಳಿಸಕ್ಕಾಗ್ಲಿಲ್ಲ. ಹಾಲೆಲ್ಲಾ ಒಲೆ ಕುಡೀತು."

ಅವಳ ಮಾತು ಸುಳ್ಳಾಗಲಿಲ್ಲ. ಹೊಗಳಿಕೆ ತಲೆಗೆ ಏರಿ, ಮಾರನೆಯ ಮಧ್ಯಾಹ್ನ ಮತ್ತೆ ಇಳಿದೆ. ಆಗಲೇ ನನಗೆ ಆ ಪ್ರಶ್ನೆ ಸಿಕ್ಕಿದ್ದು. ಕೆಟ್ಟದ್ದೇನಾದರೂ ಕಂಡರೆ ಏನು ಮಾಡಲಿ? ಅಳಿಸಿಹಾಕಲೇ, ಬೇರೆ ಕಡೆ ಕೂಡಿಹಾಕಲೇ, ಅಥವಾ ಪ್ರತಿ ಸಲವೂ ನಿಮ್ಮನ್ನು ಕೇಳಲೇ? ನಾನು ಆ ಕೊನೆಯ ಸಾಲನ್ನು ಎರಡೆರಡು ಸಲ ಓದಿದೆ. ಪ್ರತಿ ಸಲವೂ ನಿಮ್ಮನ್ನು ಕೇಳಲೇ! ಈ ಮನೆಯಲ್ಲಿ ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರು ಮಾತಾಡಿಸಿದ್ದರು? ಕೇಳು ಮಹಾರಾಯ, ಧಾರಾಳವಾಗಿ ಕೇಳು ಎಂದು ಅದರ ಮುಂದೆ ಗುರುತು ಹಾಕಿದೆ. ಸ್ಕ್ಯಾನಿನ ಹೊತ್ತು ಊಟದ ಹೊತ್ತಾದ್ದರಿಂದ ಪ್ರಶ್ನೆಗಳೆಲ್ಲ ಮಧ್ಯಾಹ್ನಕ್ಕೇ ಬಂದು ನನಗಾಗಿ ಕಾದು ಕೂತಿರುತ್ತಿದ್ದವು. ಊಟ ಮಾಡಿ ಕೈ ತೊಳೆದು ಬಂದು, ಅಹವಾಲು ಕೇಳುವ ಅಮಲ್ದಾರರ ಹಾಗೆ ಕೂತು ಒಂದೊಂದನ್ನೇ ತೀರ್ಮಾನ ಮಾಡುತ್ತಿದ್ದೆ.

ತೀರ್ಮಾನ ಏನು? ಎಲ್ಲದಕ್ಕೂ ಒಂದೇ. "ಇರಲಿ, ಬಿಡು." ಇದಕ್ಕೂ ನಮ್ಮ ಕಸುಬೇ ಕಾರಣ. ಅಕ್ಕಸಾಲಿಯ ಮನೆಯಲ್ಲಿ ಕಸ ಎಸೆಯುವುದಿಲ್ಲ. ಕೆಲಸದ ಕೋಣೆ ಗುಡಿಸಿದ ಧೂಳು, ಕೈ ತೊಳೆದ ನೀರಿನ ಗಷ್ಟು, ಕುಲುಮೆಯ ಬೂದಿ, ಹರಿದ ಚಾಪೆ ಎಲ್ಲವೂ ಡಬ್ಬಿಗೆ ಹೋಗಬೇಕು. ಅದರಲ್ಲಿ ಚಿನ್ನದ ಪುಡಿ ಇರುತ್ತದೆ. ವರ್ಷಕ್ಕೊಮ್ಮೆ ಅದನ್ನು ಕೊಂಡು ತೊಳೆದು ಚಿನ್ನ ತೆಗೆಯುವವರೇ ಬೇರೆ ಇದ್ದಾರೆ. ಮಗುವಾಗಿದ್ದಾಗ ಒಂದು ಹಿಡಿ ಕಸವನ್ನು ಬೀದಿಗೆ ಎಸೆದದ್ದಕ್ಕೆ ನಮ್ಮಪ್ಪ ನನ್ನನ್ನು ಬೀದಿಯಲ್ಲೇ ಕೂರಿಸಿ ಆ ಕಸ ಆಯಿಸಿದ್ದರು. ಅಂಥ ಕೈ, ಅಳಿಸಿಹಾಕು ಎನ್ನುವ ಗುಂಡಿಯನ್ನು ಹೇಗೆ ಒತ್ತೀತು? ಅದರೊಳಗೆ ಏನು ಪುಡಿ ಇದೆಯೋ ಯಾರಿಗೆ ಗೊತ್ತು, ಇರಲಿ ಎನ್ನುತ್ತಿದ್ದೆ. ಆಂಟಿವೈರಸ್ಸೂ ಮರುಮಾತಾಡದೆ ಒಪ್ಪಿಕೊಳ್ಳುತ್ತಿತ್ತು. ಜಯಮ್ಮನ ಜೊತೆ ಬದುಕಿದವನಿಗೆ ಇದು ಎಂಥ ಸುಖ ಎಂದು ವಿವರಿಸಬೇಕಾಗಿಲ್ಲ.

ಇಷ್ಟಕ್ಕೇ ನಿಂತಿದ್ದರೆ ದೊಡ್ಡ ಅನಾಹುತವೇನೂ ಆಗುತ್ತಿರಲಿಲ್ಲವೇನೋ. ಅಷ್ಟರಲ್ಲಿ ಕಾಳೇಗೌಡ ಬಂದ. ಪಾಂಡವಪುರದ ಆಚೆಯ ಹಳ್ಳಿಯ ಗೌಡ, ನನ್ನ ವಾರಿಗೆಯವನು. ಅವರ ಮನೆಯ ಒಡವೆಗಳೆಲ್ಲ ಅವರ ತಾತನ ಕಾಲದಿಂದ ನಮ್ಮ ಮನೆಯಲ್ಲೇ ಆದವು. ಶ್ರೀರಂಗಪಟ್ಟಣಕ್ಕೆ ಏನೇ ಕೆಲಸಕ್ಕೆ ಬರಲಿ, ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯದೆ ಹೋದವನಲ್ಲ. ನಾಲ್ಕು ಸೀಮೆಹಸು, ಒಂದು ಟ್ರಾಕ್ಟರು, ಆ ಟ್ರಾಕ್ಟರಿಗೆ ಒಂದು ಹಾಡುವ ಪೆಟ್ಟಿಗೆ, ಆ ಪೆಟ್ಟಿಗೆಗೆ ಒಂದು ಪೆನ್‌ಡ್ರೈವು. ಇವಿಷ್ಟೂ ಅವನ ಆಸ್ತಿ ಎನ್ನಬಹುದು, ಗದ್ದೆ ಬೇರೆ. ಪೆನ್‌ಡ್ರೈವನ್ನು ಅವನು ಬೀರುವಿನ ಕೀಲಿಯ ಜೊತೆ ಉಡುದಾರಕ್ಕೆ ಕಟ್ಟಿಕೊಂಡಿರುತ್ತಾನೆ. ಅಂದು ಮೊಮ್ಮಗನ ಮದುವೆಯ ಫೋಟೋಗಳನ್ನು ಮೊಬೈಲು ಅಂಗಡಿಯಲ್ಲಿ ಅದಕ್ಕೆ ತುಂಬಿಸಿಕೊಂಡು ಬಂದಿದ್ದ.

"ಫೋನ್ನಾಗೆ ಕಾಣ್ಸಕಿಲ್ಲ ಕಣ್ಲಾ ಆಚಾರಿ. ಸೊಸ್ಮಗ್ಳುದು ದೊಡ್ದು ಟೀವಿ ಅದಲ್ಲಾ, ಅದ್ರಾಗೆ ತೋರ್ಸು," ಎಂದು ಅಂಗಿ ಎತ್ತಿ ಉಡುದಾರ ಬಿಚ್ಚಿಕೊಟ್ಟ. ಸೌಮ್ಯ ಮನೆಯಲ್ಲಿರಲಿಲ್ಲ. ನಾನು ಯಜಮಾನಿಕೆಯಿಂದ ಚುಚ್ಚಿದೆ. ಚುಚ್ಚಿದ್ದೇ ತಡ, ಪರದೆಯ ಮೂಲೆಯಲ್ಲಿ ಕೆಂಪು ಕಿಟಕಿ ತೆರೆದು ಗಂಟೆ ಬಾರಿಸತೊಡಗಿತು.

"ಯಾಕ್ಲಾ ಅಂಗೆ ಕೆಂಪುಗಾಯ್ತು?"

"ಏನಿಲ್ಲ ಗೌಡ, ಒಳಗೆ ಬಂದಿರೋದು ಯಾರು ಅಂತ ನೋಡ್ತಾ ಅದೆ."

"ನಾನೇ ಅಂತ ಏಳ್ಲಾ!"

"ಹೇಳ್ದೆ ಕಣಪ್ಪ."

"ಏಳುದ್ರೂ ತಡಕ್ತಾ ಅದಲ್ಲಾ! ಮೈಸೂರ್ನಾಗೆ ಆ ದೊಡ್ಡಂಗ್ಡಿ ಬಾಗ್ಲಲ್ಲಿ ಇಂಗೇ ಕಣ್ಲಾ. ಕೈಯೆತ್ತು ಅಂತ ನಿಲ್ಸ್ಬುಟ್ಟು ಸೊಂಟ್ವೆಲ್ಲಾ ತಡುಕ್ದ. ಉಡುದಾರದ್ ಕೀಲಿ ಕುಯ್ಯಂತು. ಜನ ಎಲ್ಲಾ ನನ್ನೇ ನೋಡದಾ? ಓಗ್ಲಿ, ಅದು ಪರಸ್ಥಳ. ನಿಮ್ಮನೇಲೂ ಇಂಗೇನ್ಲಾ? ನಿಮ್ಮಪ್ಪ ನಮ್ಮನೆ ಒಡ್ವೆನಾ ನಮ್ಮೆದ್ರುಗೆ ಯಾವತ್ತಾರಾ ಒರೆಗಲ್ಲಿಗೆ ಉಜ್ಜುದ್ನೇನ್ಲಾ?"

ಈ ಮಾತು ನನಗೆ ಚುರುಕ್ಕೆಂದಿತು. ಒರೆಗಲ್ಲಿಗೆ ಉಜ್ಜಿ ಬಣ್ಣ ನೋಡದೆ ಯಾವ ಅಕ್ಕಸಾಲಿಯೂ ಹಳೇ ಚಿನ್ನ ತೆಗೆದುಕೊಳ್ಳುವುದಿಲ್ಲ. ಆದರೆ ನಮ್ಮಪ್ಪ ಹಳೇ ಮನೆತನದ ಗಿರಾಕಿಗಳ ಮುಂದೆ ಒರೆಗಲ್ಲು ಎತ್ತುತ್ತಿರಲಿಲ್ಲ. ಅವರು ಒಡವೆ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡು, "ದೇವ್ರ ಮುಂದೆ ಇಟ್ಟು ತರ್ತೀನಿ" ಎಂದು ಒಳಗೆ ಹೋಗುತ್ತಿದ್ದರು. ಗಿರಾಕಿ ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಹೊರಗೆ ಬಂದು ತೂಕ ಹಾಕುತ್ತಿದ್ದರು. ನಂಬಿಕೆ ಅಂದರೆ ಇದು ಎಂದು ನಾನು ಕುಲುಮೆಯ ಮುಂದೆ ಕೂತು ಎದೆಯುಬ್ಬಿಸಿಕೊಳ್ಳುತ್ತಿದ್ದೆ. ಅಂಥ ತಂದೆಯ ಮಗನ ಮನೆಯಲ್ಲಿ, ಅಂಥ ಮನೆತನದ ಗೌಡನ ಉಡುದಾರದ ವಸ್ತುವನ್ನು ಅವನ ಕಣ್ಣೆದುರೇ ಒರೆಗೆ ಹಚ್ಚುವುದೆಂದರೇನು?

ಕೆಂಪು ಕಿಟಕಿ ಎಂದಿನ ವಿನಯದಿಂದ ಏನು ಮಾಡಲಿ ಎಂದು ಕೇಳಿತು. ಇರಲಿ ಎಂದೆ. ಇನ್ನೊಂದು ಕಿಟಕಿ ಬಂತು. ಅದಕ್ಕೂ ಇರಲಿ ಎಂದೆ. ಗೌಡ ಫೋಟೋ ನೋಡಿ, ಮದುವೆ ಹೆಣ್ಣಿನ ಸರ ಇನ್ನೂ ಸ್ವಲ್ಪ ಉದ್ದವಿರಬೇಕಾಗಿತ್ತು ಎಂದು ಹೇಳಿ, ಉಡುದಾರ ಕಟ್ಟಿಕೊಂಡು ಹೊರಟ. ಅವನು ಬೀದಿಯ ತಿರುವು ದಾಟುವ ಮೊದಲೇ ನಾನು ಆಂಟಿವೈರಸ್ಸಿನ ಒಳಗೆ ಹೋಗಿ, ಹೊರಗಿನಿಂದ ಬರುವ ಡ್ರೈವುಗಳನ್ನು ನೋಡು ಎಂದಿದ್ದ ಕಡೆ ಗುರುತು ತೆಗೆದುಬಿಟ್ಟೆ. ಯಾವುದನ್ನು ನೋಡಬಾರದು ಎನ್ನುವ ಪಟ್ಟಿಯಲ್ಲೂ ಅವನ್ನು ಸೇರಿಸಿದೆ. ಇನ್ನು ಮೇಲೆ ನಮ್ಮ ಮನೆಗೆ ಬಂದ ಯಾವ ಅತಿಥಿಯನ್ನೂ ಇದು ತಡಕಬಾರದು. ಇಷ್ಟು ಮಾಡಿ, ಗೋಡೆಯ ಮೇಲಿದ್ದ ನಮ್ಮಪ್ಪನ ಫೋಟೋದ ಕಡೆ ನೋಡಿದೆ. ಅವರು ತಲೆದೂಗಿದಂತೆ ಕಂಡಿತು. ಬಹುಶಃ ಫ್ಯಾನಿನ ಗಾಳಿಗೆ ಹಾರ ಅಲ್ಲಾಡಿರಬೇಕು.

ಆಮೇಲೆ ಕೆ.ಆರ್. ಪೇಟೆಯ ಮದುವೆಯ ವಂಕಿ ಬಂತು. ಹೆಣ್ಣಿನ ಕಡೆಯವರು ಅವರ ಅಜ್ಜಿಯ ಹಳೇ ವಂಕಿ ತಂದು, ಅದೇ ಥರ ಬೇಕು, ಆದರೆ ಹಗುರವಾಗಿರಬೇಕು ಎಂದರು. ಹಳೇ ಕೆಲಸದ ಬಳ್ಳಿ, ಎಲೆಯ ನರ ನರವೂ ಕಾಣಬೇಕು. ಸೌಮ್ಯ ಹಗಲೆಲ್ಲ ಕೂತು ಬರೆದಳು. ಮುಹೂರ್ತ ಹತ್ತಿರದಲ್ಲೇ ಇತ್ತು. ಆ ವಾರ ಎರಕ ಆಗದಿದ್ದರೆ ಅವರು ಶೋರೂಮಿಗೆ ಹೋಗಿ ಸಿದ್ಧವಾಗಿರುವುದನ್ನೇ ಕೊಂಡುಬಿಡುವವರಿದ್ದರು. ಫೈಲು ಹಾಕಿಕೊಂಡು ಬೆಳಿಗ್ಗೆ ಬಸ್ಸು ಹತ್ತಿದವಳು ಮಧ್ಯಾಹ್ನ ಬರಿಗೈಯಲ್ಲಿ ವಾಪಸು ಬಂದಳು. ನೀರು ಕೊಟ್ಟರೂ ಕುಡಿಯಲಿಲ್ಲ.

"ನನ್ನ ಪೆನ್‌ಡ್ರೈವ್ ಹಾಕ್ತಿದ್ದಂಗೆ ಅವ್ರ ಕಂಪ್ಯೂಟ್ರು ಕೂಗ್ಕೊಳ್ತು ಅತ್ತೆ. ವೈರಸ್ಸಂತೆ. ಎಲ್ಲರ ಮುಂದೆ ತೆಗ್ದು ಮೇಜಿನ ಮೇಲೆ ಇಟ್ಬುಟ್ರು. ಇನ್ಮೇಲೆ ನಿಮ್ ಫೈಲು ತಗೊಳೋದು ಕಷ್ಟ ಮೇಡಂ ಅಂದ್ರು. ಹಿಂದೆ ನಿಂತಿದ್ದೋರು ನಕ್ಕರು," ಎಂದು ಜಯಮ್ಮನ ಮುಂದೆ ಕಣ್ಣೊರೆಸಿಕೊಂಡಳು.

ಅದು ಗೌಡನ ಉಡುದಾರದಿಂದ ಇಳಿದು ಬಂದದ್ದು ಎಂದು ನನಗೆ ಹೊಳೆಯಿತು. ಆದರೆ ನಾನು ಬಾಯಿ ತೆರೆಯುವ ಮೊದಲೇ ವಿಚಿತ್ರವೊಂದು ನಡೆಯಿತು. ಮಂಜು ಕೈಯಲ್ಲಿದ್ದ ಅರ ಕೆಳಗಿಟ್ಟು ಎದ್ದು ಬಂದ.

"ನಾನೇ ಇರ್ಬೇಕು ಕಣೆ," ಎಂದ. "ನೀನು ಊರಿಗೋದಾಗ ಎಲ್ಲಿಂದ್ಲೋ ಒಂದು ಸಿನಿಮಾ ಇಳಿಸ್ಕೊಂಡು ನೋಡ್ದೆ."

ಸೌಮ್ಯಳ ಅಳು ಅಲ್ಲಿಗೆ ನಿಂತಿತು. ಬೈಗುಳ ಶುರುವಾಯಿತು. ನನ್ನ ಮಗ ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ಸ್ವೀಕರಿಸಿದ. ನಾನೇನು ಮಾಡಿದೆ? ಬಾಯಿ ಮುಚ್ಚಿಕೊಂಡು ಕಂಬಕ್ಕೊರಗಿ ನಿಂತೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ತಪ್ಪು ಮಾಡದವನು ಒಪ್ಪಿಕೊಂಡ, ಮಾಡಿದವನು ಕಂಬ ಹಿಡಿದುಕೊಂಡ. ಅವನದೂ ಒಂದು ತಪ್ಪು ಇತ್ತಲ್ಲ, ಬೈಸಿಕೊಳ್ಳಲಿ ಎಂದು ಮನಸ್ಸಿಗೆ ಸಮಾಧಾನ ಬೇರೆ ಹೇಳಿಕೊಂಡೆ. ಆದರೆ ಸಾಯಂಕಾಲ ಊಟಕ್ಕೆ ಕೂತಾಗ ಜಯಮ್ಮ ನನ್ನನ್ನೇ ನೋಡುತ್ತಿದ್ದಳು.

"ಏನ್ರೀ, ಮುದ್ದೆ ಅಗೀತಾ ಇದ್ದೀರಲ್ಲ?"

ಹುಟ್ಟಿದಾಗಿನಿಂದ ಮುದ್ದೆ ನುಂಗಿಕೊಂಡು ಬಂದವನು ನಾನು. ಅಂದು ನನಗೇ ತಿಳಿಯದೆ ಅಗಿಯುತ್ತಿದ್ದೆ. ಅವರೆಕಾಳಿನ ಸಾರನ್ನು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಇಷ್ಟು ಸಾಕ್ಷಿ ಜಯಮ್ಮನಿಗೆ ಬೇಕಾದಷ್ಟಾಯಿತು.

"ನೀವೇನೋ ಮಾಡಿದ್ದೀರ," ಎಂದು ಸಣ್ಣ ದನಿಯಲ್ಲಿ ಹೇಳಿ ಮಜ್ಜಿಗೆ ಬಡಿಸಿದಳು.

ಮಾರನೆಯ ಬೆಳಿಗ್ಗೆ ಸೌಮ್ಯ ಕಂಪ್ಯೂಟರಿನ ಮುಂದೆ ಕೂತು, ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಬೇಕೇನೋ ಎಂದು ಯೋಚಿಸುತ್ತಿದ್ದಳು. ಮಂಜು ಅಪರಾಧಿಯ ಹಾಗೆ ಪಕ್ಕದಲ್ಲಿ ನಿಂತಿದ್ದ. "ಇನ್ಮೇಲೆ ನೀವು ಇದನ್ನ ಮುಟ್ಟೋ ಹಂಗಿಲ್ಲ. ಬೇಕಾದ್ರೆ ಮಾವನ್ನ ಕೇಳಿ ತೋರಿಸ್ಕೊಳಿ. ಅವರೊಬ್ರು ಜೋಪಾನವಾಗಿ ನೋಡ್ತಾರೆ," ಎಂದಳು.

ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಈ ಮಾತನ್ನು ತಡೆಯಲಾಗಲಿಲ್ಲ.

"ನಾನು ಕಣವ್ವ," ಎಂದೆ.

"ಏನು ಮಾವ?"

"ಅದರ ಬಾಗಿಲು ತೆಗ್ದಿಟ್ಟಿದ್ದು ನಾನು. ಹೊರಗಿನ ಡ್ರೈವು ನೋಡ್ಬೇಡ ಅಂತ ನಾನೇ ಆಫ್ ಮಾಡಿದ್ದು. ಕೆಟ್ಟದ್ದು ಸಿಕ್ರೆ ಇರಲಿ ಅಂತಾನೂ ನಾನೇ ಒತ್ತಿದ್ದು. ನೀನಿಲ್ದಾಗ ಗೌಡನ ಪೆನ್‌ಡ್ರೈವು ಚುಚ್ಚಿದ್ದೆ, ಅದ್ರಿಂದ ಆಗಿರೋದು."

ಮಂಜು ಹೇಳಿದ. "ಅಪ್ಪಾ! ನಿನ್ನೆಯಿಂದ ನಿನ್ನೆದ್ರಿಗೇ ಬೈಸ್ಕೊಂಡಿದ್ದೀನಲ್ಲಪ್ಪ!"

"ನೀವು ಸುಮ್ನಿರಿ. ಸಿನಿಮಾ ವಿಷ್ಯ ಬೇರೆ," ಎಂದು ಸೌಮ್ಯ ಅವನನ್ನು ಕೂರಿಸಿ, ನನ್ನ ಕಡೆ ತಿರುಗಿದಳು. "ಯಾಕೆ ಮಾವ?" ಬಹಳ ದಿನಗಳ ಮೇಲೆ ಈ ಮನೆಯಲ್ಲಿ ನನ್ನನ್ನು ಕೇಳಿದ ನಿಜವಾದ ಪ್ರಶ್ನೆ ಅದು. ಇಂಥ ಪ್ರಶ್ನೆಗೆ ಆಸೆಪಟ್ಟಿದ್ದೆನೇ ಎಂದುಕೊಂಡೆ. ಅತಿಥಿಯ ಮರ್ಯಾದೆ, ಹಳೇ ಮನೆತನ, ನಮ್ಮಪ್ಪ ಅವರ ಒಡವೆಯನ್ನು ಒರೆಗೆ ಹಚ್ಚದೆ ದೇವರ ಮುಂದೆ ಇಟ್ಟು ತರುತ್ತಿದ್ದದ್ದು, ಎಲ್ಲವನ್ನೂ ಗದ್ಗದವಾಗಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅಡುಗೆಮನೆಯಿಂದ ಒಂದು ಸದ್ದು ಬಂತು. ಜಯಮ್ಮ ನಗುತ್ತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು, ಬಾಗಿಲಿಗೆ ಬಂದು, ಅಲ್ಲೂ ನಗುತ್ತಿದ್ದಳು.

"ಒರೆಗೆ ಹಚ್ತಿರ್ಲಿಲ್ವಾ? ಮಾವನೋರಾ? ಒರೆಗಲ್ಲು ಎಲ್ಲಿರ್ತಿತ್ತು ಅಂತ ಗೊತ್ತಾ ನಿಮ್ಗೆ? ದೇವ್ರ ಪಟದ ಹಿಂದೆ. ಒಳಗೆ ಬಂದು ಒಡ್ವೆ ಉಜ್ಜಿ, ಕಿಟಕಿ ಬೆಳಕಿಗೆ ಹಿಡ್ದು ನೋಡಿ, ಆಮೇಲೆ ಕೈ ಮುಗ್ದು ಹೋಗೋರು. ಕಾಫಿ ನಿಧಾನಕ್ಕೆ ಕಾಯ್ಸವ್ವ ಅಂತ ನನಗೆ ಕಣ್ಸನ್ನೆ ಮಾಡೋರು. ಹೊಸ ಸೊಸೆ ನಾನು, ದಿನಾ ನೋಡ್ತಿದ್ದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ನಾನು ಗೋಡೆಯ ಫೋಟೋದ ಕಡೆ ನೋಡಿದೆ. ನಮ್ಮಪ್ಪ ಈ ಸಲ ತಲೆದೂಗಲಿಲ್ಲ. ಅವರು ಹೋದ ಮೇಲೆ ಅಂಗಡಿಯ ಯಜಮಾನಿಕೆ ನನಗೆ ಬಂದಾಗ, ಅವರ ಮೇಲ್ಪಂಕ್ತಿ ಎಂದುಕೊಂಡು ಯಾವ ಯಾವ ಮನೆತನದ ಚಿನ್ನವನ್ನು ಒರೆಗೆ ಹಚ್ಚದೆ ತೆಗೆದುಕೊಂಡಿದ್ದೆ ಎಂಬುದು ಒಂದೊಂದಾಗಿ ನೆನಪಾಯಿತು. ಅದನ್ನು ಈಗ ಯಾರಿಗೂ ಹೇಳುವಂತಿಲ್ಲ. ಇಲ್ಲಿಯೂ ಅದರ ವಿವರಕ್ಕೆ ಹೋಗುವುದಿಲ್ಲ.

ಸೌಮ್ಯ ಗಟ್ಟಿ ಹುಡುಗಿ. ಅಂದೇ ಪೂರ್ತಿ ಸ್ಕ್ಯಾನು ಓಡಿಸಿದಳು. ನಾನು ಇರಲಿ ಎಂದು ಆಶ್ರಯ ಕೊಟ್ಟಿದ್ದವೆಲ್ಲ ಸಾಲಾಗಿ ಹೊರಗೆ ಬಂದವು. ನಮ್ಮ ಬೀದಿಯಲ್ಲಿ ಇಷ್ಟು ಜನ ಇಲ್ಲ. ವಂಕಿಯ ಫೈಲಿಗೆ ಮಾತ್ರ ಏನೂ ಆಗಿರಲಿಲ್ಲ. ಹೊಸ ಪೆನ್‌ಡ್ರೈವಿಗೆ ಹಾಕಿಕೊಂಡಳು. ಆದರೆ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಬೇಕಲ್ಲ, ಅದಕ್ಕೆ ಅವಳ ಕಾಲು ಏಳಲಿಲ್ಲ. ನಾನೂ ಬರುತ್ತೇನೆ ಎಂದೆ. ಬಸ್ಸು ಶ್ರೀರಂಗಪಟ್ಟಣ ದಾಟಿದ ಮೇಲೆ ಅವಳೇ, "ಮಾವ, ಅಲ್ಲಿ ನೀವೇನೂ ಮಾತಾಡೋದು ಬ್ಯಾಡ," ಎಂದಳು. ಸರಿ ಎಂದೆ. ನಾನು ಒಪ್ಪಿಕೊಂಡ ಮೇಲೂ ಮೀರಿದ ಮಾತುಗಳಲ್ಲಿ ಇದೊಂದು.

ಅಂಗಡಿ ತುಂಬ ಜನ. ಮೊನ್ನೆ ನಕ್ಕವರೂ ಅವರಲ್ಲಿ ಇದ್ದಿರಬೇಕು. ನಾನು ಒಳಗೆ ಹೋಗಿ ಆ ಮಾಲೀಕನ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಸ್ವಾಮಿ, ಆ ವೈರಸ್ಸು ತಂದೋನು ನಾನು. ಈ ಹೆಣ್ಮಗು ಕೆಲ್ಸ ಅಪ್ಪಟ. ಅದರ ಮೇಲೆ ಧೂಳು ಹಾಕಿದ್ದು ಮನೇಲಿರೋ ಈ ಮುದ್ಕ. ನಗೋದಿದ್ರೆ ನನ್ನ ನೋಡಿ ನಗಿ," ಎಂದೆ. ಯಾರೂ ನಗಲಿಲ್ಲ. ಹತ್ತಿರ ನಿಂತಿದ್ದ ಒಬ್ಬಾತ, "ನಮ್ಮನೇಲೂ ಒಬ್ರು ಅವ್ರೆ ಬುಡಿ ಯಜಮಾನ್ರೆ," ಎಂದು ಬೆನ್ನು ತಟ್ಟಿದ. ಮಾಲೀಕ ಚಿಕ್ಕ ವಯಸ್ಸಿನವನು, ಮುಜುಗರಪಟ್ಟುಕೊಂಡು ಕುರ್ಚಿ ಹಾಕಿಸಿದ. ಬಾಗಿಲ ಪಕ್ಕದಲ್ಲಿ ಒಂದು ಹಳೇ ಕಂಪ್ಯೂಟರು ಇಟ್ಟಿದ್ದ. "ನಿಮ್ದಾದ್ಮೇಲೆ ಇದನ್ನ ಮಡಗ್ಬುಟ್ಟೆ. ಇನ್ಮೇಲೆ ಯಾರ್ದೇ ಬಂದ್ರೂ ಮದ್ಲು ಇದ್ರಾಗೆ. ನಮ್ಮಪ್ಪ ತಂದ್ರೂ ಇದ್ರಾಗೇನೆ," ಎಂದು ಸೌಮ್ಯಳ ಹೊಸ ಪೆನ್‌ಡ್ರೈವನ್ನು ಅದಕ್ಕೆ ಚುಚ್ಚಿ ನೋಡಿದ. ಹಸಿರು ಬಂತು. ವಂಕಿ ಪರದೆಯ ಮೇಲೆ ಎದ್ದು ನಿಂತಿತು. ಅಲ್ಲಿದ್ದವರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಎಲೆಯ ನರಗಳನ್ನು ನೋಡಿ ಒಬ್ಬ ಹಳಬ, "ಯಾರವ್ವ ಕಲ್ಸಿದ್ದು?" ಎಂದ. ಸೌಮ್ಯ ನನ್ನ ಕಡೆ ಕೈ ತೋರಿಸಿದಳು. ಕ್ಯಾಲೆಂಡರಿನ ಹಿಂದೆ ಗೀಚುತ್ತಿದ್ದದ್ದು ಅವಳಿಗೆ ನೆನಪಿತ್ತು. ನಾನು ಕುರ್ಚಿಯಲ್ಲಿ ಕೂತು ನೆಲ ನೋಡಿದೆ. ವಂಕಿ ಹೊತ್ತಿಗೆ ಸರಿಯಾಗಿ ಕೆ.ಆರ್. ಪೇಟೆಗೆ ಹೋಯಿತು.

ಮನೆಗೆ ಬಂದ ಮೇಲೆ ಸೌಮ್ಯ ಆಂಟಿವೈರಸ್ಸಿನ ಎಲ್ಲ ಗುರುತುಗಳನ್ನೂ ತಿದ್ದಿ, ಪಾಸ್‌ವರ್ಡು ಹಾಕಿದಳು. ಈಗ ಅದು ಎಲ್ಲರನ್ನೂ ತಡಕುತ್ತದೆ, ಕಂಡದ್ದನ್ನು ಹಿಡಿದು ಕೂಡಿಹಾಕುತ್ತದೆ, ನನ್ನನ್ನು ಕೇಳುವುದಿಲ್ಲ. ಊಟದ ಹೊತ್ತಿನ ಸ್ಕ್ಯಾನನ್ನು ಮಾತ್ರ ಹಾಗೇ ಉಳಿಸಿದ್ದಾಳೆ. "ಅದೊಂದು ಚೆನ್ನಾಗಿ ಮಾಡಿದ್ರಿ ಮಾವ," ಎಂದಳು. ಜಯಮ್ಮ ಅವಳಿಗೆ ಕಣ್ಣು ಬಿಟ್ಟಳು. ಕಾಸ್ಟಿಂಗ್ ಅಂಗಡಿಯ ಹಾಗೆ ನಮ್ಮಲ್ಲೂ ಒಂದು ಹಳೇ ಲ್ಯಾಪ್‌ಟಾಪು ಬಂತು. ಹೊರಗಿನದು ಯಾವುದೇ ಇರಲಿ, ಮೊದಲು ಅದಕ್ಕೆ. ಅದನ್ನು ಎಲ್ಲಿಡುವುದು ಎಂದು ಅವಳು ನನ್ನನ್ನೇ ಕೇಳಿದಳು. ನಾನು ಯೋಚಿಸಿ ದೇವರ ಕೋಣೆಯಲ್ಲಿ ಇಡಿಸಿದೆ.

ಮೊನ್ನೆ ಕಾಳೇಗೌಡ ಮತ್ತೆ ಬಂದ. ಮೊಮ್ಮಗನ ಹೆಂಡತಿಯನ್ನು ಕರೆದುಕೊಂಡು ಮೇಲುಕೋಟೆಗೆ ಹೋಗಿದ್ದ ಫೋಟೋಗಳಂತೆ. ಉಡುದಾರ ಬಿಚ್ಚಿದ. ನಾನು ಪೆನ್‌ಡ್ರೈವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಕಾಫಿ ಕುಡೀತಿರು ಗೌಡ, ದೇವ್ರ ಮುಂದೆ ಇಟ್ಟು ತರ್ತೀನಿ," ಎಂದು ಒಳಗೆ ಹೋದೆ. ಲ್ಯಾಪ್‌ಟಾಪಿಗೆ ಚುಚ್ಚಿದೆ. ಕೆಂಪಾಗಿ, ಗಂಟೆ ಬಾರಿಸಿ, ಹಿಡಿದು, ಕೂಡಿಹಾಕಿ, ಹಸಿರಾಯಿತು. ಗಂಟೆಯ ಸದ್ದು ಹೊರಗೆ ಕೇಳಿದರೂ ಪೂಜೆಯದು ಎಂದುಕೊಳ್ಳುತ್ತಾನೆ ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಇನ್ನಷ್ಟು ನಂಬಿಕೆ ಬರಲಿ ಎಂದು ನೀರಲ್ಲಿ ಕಲೆಸಿದ ಕುಂಕುಮವನ್ನು ಧಾರಾಳವಾಗಿ ಅದರ ನೆತ್ತಿಗೆ ಹಚ್ಚಿ ತಂದುಕೊಟ್ಟೆ.

ಗೌಡ ಪೆನ್‌ಡ್ರೈವನ್ನು ಹೊರಳಿಸಿ ನೋಡಿದ. ಕುಂಕುಮ ನೋಡಿದ. ನನ್ನ ಮುಖ ನೋಡಿದ. ಆಮೇಲೆ ಹೊಟ್ಟೆ ಕುಣಿಸಿಕೊಂಡು ನಗತೊಡಗಿದ.

"ಉಜ್ಕೊಂಡ್ ಬಂದೇನ್ಲಾ?"

"ಏನನ್ನ?"

"ನಿಮ್ಮಪ್ಪನೂ ಇಂಗೇ ಕಣ್ಲಾ, ದೇವ್ರ ಮುಂದೆ ಅಂತ ಒಳೀಕ್ ತಕಂಡೋಗನು. ದೇವ್ರ ಮುಂದೆ ಇಕ್ಕುದ್ ಒಡ್ವೇಲಿ ಕುಂಕ್ಮ ಇರ್ಬೇಕು ತಾನೆ? ಅವ್ನು ತಂದ್ಕೊಟ್ಟುದ್ರಾಗೆ ಒಂದು ಮೂಲೆ ತಿಕ್ದಂಗೆ ಪಳಪಳಾ ಅನ್ನದು. ನಮ್ಮಪ್ಪ ದಾರೀಲಿ ನಗೋನು. ಉಜ್ಜೋ ಆಚಾರಿ ಅತ್ರಾನೇ ಒಡ್ವೆ ಮಾಡುಸ್ಬೇಕು ಕಣ್ಲಾ ಅನ್ನೋನು."

"ಮತ್ತೆ ಅವತ್ತು ಹಂಗಂದ್ಯಲ್ಲೋ! ನಮ್ಮೆದ್ರುಗೆ ಉಜ್ಜುದ್ನಾ ಅಂತ!"

"ನಮ್ಮೆದ್ರುಗೆ ಉಜ್ಜುದ್ನಾ ಅಂದೆ. ಉಜ್ಜನೇ ಇಲ್ಲ ಅಂದ್ನಾ? ನಿನ್ನ ಒಸಿ ರೇಗ್ಸುವಾ ಅಂತಂದ್ರೆ, ನೀನು ಆ ಮಿಸನ್ನು ಬಾಯ್ನೇ ಕಟ್ಬುಡದಾ? ಓಗ್ಲಿ ಬುಡು, ನಿಮ್ಮಪ್ಪುನ್ಗಿಂತ ನೀನೇ ವಾಸಿ. ಕುಂಕ್ಮನಾರಾ ಮಡ್ಗಿದೀಯ," ಎಂದು ಅದನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಕಟ್ಟಿಕೊಂಡ.

ಹೀಗೆ, ಆ ಊರಿನ ಗೌಡರಿಗೆ ಗೊತ್ತಿತ್ತು, ನನ್ನ ಹೆಂಡತಿಗೆ ಗೊತ್ತಿತ್ತು, ಗೊತ್ತಿಲ್ಲದೆ ನಂಬಿಕೊಂಡು ಕೂತಿದ್ದವನು ಮಗ್ಗುಲಲ್ಲೇ ಕುಲುಮೆ ಊದುತ್ತಿದ್ದ ನಾನೊಬ್ಬನೇ. ಕಥೆ ಇಲ್ಲಿಗೆ ಮುಗಿದಿದ್ದರೆ ಅಷ್ಟರಮಟ್ಟಿಗೆ ಗೌರವ ಉಳಿಯುತ್ತಿತ್ತು. ಆದರೆ ನಿನ್ನೆ ಗೌಡನ ಪೆನ್‌ಡ್ರೈವು ಹಾಲಿನ ವ್ಯಾನಿನಲ್ಲಿ ವಾಪಸು ಬಂದಿದೆ, ಟ್ರಾಕ್ಟರಿನ ಪೆಟ್ಟಿಗೆಯಲ್ಲಿ ಹಾಡೇ ಬರುತ್ತಿಲ್ಲ ಎನ್ನುವ ಮಾತಿನ ಸಮೇತ. ಸೌಮ್ಯ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಒದ್ದೆ ಕುಂಕುಮ ಅದರ ಬಾಯೊಳಗೆ ಇಳಿದು ಒಣಗಿ ಗಟ್ಟಿಯಾಗಿ ಕೂತಿತ್ತು. ಒಡವೆಯ ಸಂದಿಯಿಂದ ಪುಡಿ ತೆಗೆಯುವ ಸಣ್ಣ ಕುಂಚದಲ್ಲಿ ಕೆದಕುತ್ತ, "ಅತ್ತೆ, ಇದನ್ನ ಹಿಡಿಯೋ ಆಂಟಿವೈರಸ್ ಎಲ್ಲೂ ಸಿಗಲ್ಲ. ಮಾವನ್ನ ಏನು ಮಾಡೋಣ ಹೇಳಿ. ಅಳಿಸಿಹಾಕೋದಾ, ಕೂಡಿಹಾಕೋದಾ?" ಎಂದಳು.

ಒಳಗಿನಿಂದ ಜಯಮ್ಮ, "ಇರ್ಲಿ ಬುಡವ್ವ," ಎಂದಳು.

ಆ ಪ್ರಶ್ನೆಯನ್ನು ಕೂಡ ನನ್ನನ್ನು ಕೇಳಲಿಲ್ಲ ಎನ್ನುವುದನ್ನು ಓದುಗರು ಗಮನಿಸಬೇಕು.